ಕೈತಪ್ಪಿದ ಚಾಕು: ಕಳೆದದ್ದು, ಮಾರಿದ್ದು, ಕೊಟ್ಟದ್ದು ವಾಪಸ್ ಪಡೆಯುವುದು ಹೇಗೆ, ಇರುವುದನ್ನು ಉಳಿಸಿಕೊಳ್ಳುವುದು ಹೇಗೆ

ಮಡಚುವ ಚಾಕು ಕೂಡಿಡುವ ಯಾರನ್ನಾದರೂ ಮಾತಿಗೆಳೆಯಿರಿ. ಡ್ರಾಯರಿನಲ್ಲಿ ಇರುವುದರ ಬಗ್ಗೆ ಸ್ವಲ್ಪ ಹೊತ್ತು ಹೇಳುತ್ತಾರೆ. ಆಮೇಲೆ ಮಾತು ತಾನಾಗಿಯೇ ಇಲ್ಲದಿರುವುದರ ಕಡೆ ತಿರುಗುತ್ತದೆ. ಅಜ್ಜನ ಚಾಕು ದೋಣಿಯಿಂದ ನೀರಿಗೆ ಬಿತ್ತು. ಕೈ ಬಿಗಿಯಾಗಿದ್ದಾಗ ಮಾರಿದ್ದು ಈಗ ದುಪ್ಪಟ್ಟು ಕೊಡ್ತೀನಿ ಅಂದರೂ ಸಿಗುತ್ತಿಲ್ಲ. ಖುಷಿಯಲ್ಲಿ ಸ್ನೇಹಿತನಿಗೆ ಕೊಟ್ಟ ಚಾಕುವಿನಿಂದ ಅವನು ಪೇಂಟ್ ಡಬ್ಬದ ಮುಚ್ಚಳ ಮೀಟಿ ತುದಿ ಮುರಿದ.

ಈ ಕೊರಗು ಸಣ್ಣದಲ್ಲ. ಚಾಕು ದಿನಾ ಕೈಗೆ ಬರುವ ವಸ್ತು. ಅದರ ಹಿಡಿ ಸವೆದಿರುವುದು ನಿಮ್ಮ ಹೆಬ್ಬೆರಳಿನ ಅಳತೆಗೇ. "ಒಂದು ಚಾಕು ತಾನೇ, ಹೋದರೆ ಹೋಗಲಿ" ಅನ್ನುವವರು ಒಂದೇ ಚಾಕುವನ್ನು ವರ್ಷಗಟ್ಟಲೆ ಜೇಬಿನಲ್ಲಿ ಇಟ್ಟುಕೊಂಡವರಲ್ಲ. ಆದರೆ ಸುಮ್ನೆ ಕೊರಗುತ್ತಾ ಕೂರಬೇಕಾಗಿಲ್ಲ. ಮಾಡಬಹುದಾದ ಕೆಲಸ ಸಾಕಷ್ಟಿದೆ. ಕೆಲವು ಚಾಕು ನಿಜವಾಗಿಯೂ ವಾಪಸ್ ಬರುತ್ತವೆ. ಬಾರದೇ ಹೋದರೂ ಅದರ ಜೋಡಿಯನ್ನು ಹುಡುಕಬಹುದು. ಹೀಗೆ ಕೊರಗುವವರ ಮಾತು ಕೇಳಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಹೆಚ್ಚಿನ ಚಾಕುಗಳು ಅವಸರದಲ್ಲಿ ಕೈಬಿಟ್ಟು ಹೋಗಿವೆ, ಒಂದು ಸಾಲು ಕೂಡ ಬರೆದಿಡದೆ ಹೋಗಿವೆ. ಮುಂದಿನ ಹೆಜ್ಜೆಗಳೆಲ್ಲ ಈ ಎರಡನ್ನು ಸರಿಮಾಡಿಕೊಳ್ಳುವ ದಾರಿ.

ಮೊದಲು, ಹೋದದ್ದು ಹೇಗೆ?

ಕಳೆದದ್ದು, ಮಾರಿದ್ದು, ಕೊಟ್ಟದ್ದು ಮೂರೂ ಒಂದೇ ಥರ ಕಾಡುವುದಿಲ್ಲ. ಕಳೆದ ಚಾಕು ಎಲ್ಲೋ ಬಿದ್ದಿದೆ ಅನ್ನುವುದು ಗೊತ್ತು, ಅದಕ್ಕೇ ಮನಸ್ಸು ಬಿಡುವುದಿಲ್ಲ. ಮಾರಿ ಬಂದ ದುಡ್ಡು ಯಾವುದಕ್ಕೆ ಖರ್ಚಾಯಿತು ಅಂತ ಎಷ್ಟೋ ಜನಕ್ಕೆ ನೆನಪಿರುವುದಿಲ್ಲ, ಚಾಕು ಮಾತ್ರ ನೆನಪಿರುತ್ತದೆ. ಕೊಟ್ಟದ್ದರಲ್ಲಿ ಇನ್ನೊಬ್ಬರ ಸಂತೋಷ ಸೇರಿಕೊಂಡಿದೆ, ಹಾಗಾಗಿ ಅದು ವಾಪಸ್ ಬೇಕು ಅಂತ ಅನ್ನಿಸುವುದೇ ಮುಜುಗರ.

ಹೋದ ಚಾಕುಗಳ ಪಟ್ಟಿ ದೊಡ್ಡದಿದ್ದರೆ ಒಂದೊಂದರ ಮುಂದೆಯೂ ಈ ಮೂರರಲ್ಲಿ ಯಾವುದು ಅಂತ ಬರೆಯಿರಿ. ಪಕ್ಕದಲ್ಲಿ ಇನ್ನೊಂದು ಪ್ರಶ್ನೆಗೆ ಉತ್ತರ ಬರೆಯಿರಿ: ನಿಮಗೆ ಬೇಕಿರುವುದು ಅದೇ ಚಾಕುವೋ, ಅಥವಾ ಅದೇ ಮಾದರಿಯ ಇನ್ನೊಂದು ಆದರೂ ನಡೆಯುತ್ತೋ? ಅಪ್ಪನ ಚಾಕುಗೆ ಬದಲಿ ಇಲ್ಲ. ಅಂಗಡಿಯಿಂದ ಹೊಸದಾಗಿ ತಂದು, ಎರಡು ವರ್ಷ ಬಳಸಿ ಮಾರಿದ್ದಕ್ಕೆ ಬದಲಿ ಇದೆ. ಈ ಒಂದು ಉತ್ತರದಿಂದ ಅರ್ಧ ಪಟ್ಟಿ ಹಗುರಾಗುತ್ತದೆ.

ನೆನಪಿರುವುದನ್ನೆಲ್ಲ ಬರೆಯಿರಿ

ಹುಡುಕಲು ಹೊರಡುವ ಮುಂಚೆ ಒಂದು ಹಾಳೆ ತೆಗೆದುಕೊಳ್ಳಿ. ಮಡಚಿದಾಗ ಎಷ್ಟು ಉದ್ದ, ಎಷ್ಟು ಅಲಗು, ಅಲಗಿನ ತುದಿ ನೇರವೋ ಕೆಳಗೆ ಇಳಿದದ್ದೋ, ಹಿಡಿ ಮೂಳೆಯೋ ಮರವೋ ಪ್ಲಾಸ್ಟಿಕ್ಕೋ, ಬಣ್ಣ ಯಾವುದು, ಹಿಡಿಯ ಮೇಲೆ ಲೋಹದ ಚಿಕ್ಕ ಬಿಲ್ಲೆ ಇತ್ತಾ, ಜೋಡಿಸಿದ್ದು ರಿವೆಟ್‌ನಿಂದಲೋ ಸ್ಕ್ರೂನಿಂದಲೋ, ಅಲಗು ತೆರೆದಾಗ ಲಾಕ್ ಆಗುತ್ತಿತ್ತಾ. ಖಚಿತವಾಗಿ ಗೊತ್ತಿರುವುದನ್ನು ಪೆನ್ನಿನಲ್ಲಿ, ಅಂದಾಜನ್ನು ಪೆನ್ಸಿಲ್‌ನಲ್ಲಿ ಬರೆದರೆ ಆಮೇಲೆ ಗೊಂದಲ ಇರುವುದಿಲ್ಲ.

ಗಾತ್ರದ ವಿಷಯದಲ್ಲಿ ನೆನಪನ್ನು ಪೂರ್ತಿ ನಂಬಬೇಡಿ. ಚಿಕ್ಕಂದಿನಲ್ಲಿ ಹಿಡಿದ ಚಾಕು ನೆನಪಿನಲ್ಲಿ ಯಾವಾಗಲೂ ದೊಡ್ಡದಾಗಿರುತ್ತದೆ. ಆಗ ಕೈ ಚಿಕ್ಕದಿತ್ತು, ಅಷ್ಟೇ. ಹತ್ತು ಸೆಂಟಿಮೀಟರ್ ಅಂದುಕೊಂಡು ಹುಡುಕುತ್ತಿರುವ ಚಾಕು ನಿಜವಾಗಿ ಎಂಟು ಸೆಂಟಿಮೀಟರಿನದ್ದು ಆಗಿರಬಹುದು. ಆಗ ಕಣ್ಣೆದುರು ಬಂದರೂ "ಇದಲ್ಲ" ಅಂತ ಮುಂದೆ ಹೋಗಿಬಿಡುತ್ತೀರಿ.

ಹಳೆಯ ಫೋಟೋಗಳನ್ನು ತಿರುವಿ ಹಾಕಿ. ಚಾಕುವಿನ ಫೋಟೋ ಅಂತ ತೆಗೆದದ್ದು ಇರಲಿಕ್ಕಿಲ್ಲ. ಆದರೆ ಪ್ರವಾಸದ ಚಿತ್ರದಲ್ಲಿ ಹಣ್ಣು ಹೆಚ್ಚಿದ ತಟ್ಟೆಯ ಪಕ್ಕ, ಮೇಜಿನ ಮೂಲೆಯಲ್ಲಿ, ಯಾರದ್ದೋ ಕೈಯಲ್ಲಿ ಅದು ಸಿಕ್ಕಿಬಿಡುತ್ತದೆ. ಪಕ್ಕದಲ್ಲಿ ಲೋಟವೋ ಪೆನ್ನೋ ಇದ್ದರೆ ಅಳತೆಯೂ ಗೊತ್ತಾಗುತ್ತದೆ.

ಅಲಗಿನ ಬುಡ ಓದುವುದು

ಇಲ್ಲಿ ಸ್ವಲ್ಪ ನಿಧಾನಿಸಿ. ಹುಡುಕಾಟಕ್ಕೆ ಇದಕ್ಕಿಂತ ಉಪಯೋಗದ ವಿದ್ಯೆ ಇನ್ನೊಂದಿಲ್ಲ. ಅಲಗು ಹಿಡಿಗೆ ಸೇರುವ ಕಡೆ, ಹರಿತ ಶುರುವಾಗುವ ಮುಂಚೆ, ಒಂದು ಚಪ್ಪಟೆ ಜಾಗ ಇರುತ್ತದೆ. ತಯಾರಕರು ಹೆಸರು ಒತ್ತುವುದು ಅಲ್ಲಿ. ಎಷ್ಟೋ ಕಂಪನಿಗಳು ವರ್ಷದ ಗುರುತನ್ನೂ ಅಲ್ಲೇ ಅಡಗಿಸಿವೆ.

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಬ್ರಾಡ್‌ಫರ್ಡ್‌ನಲ್ಲಿರುವ ಕೇಸ್ ಕಂಪನಿಯ ಚಾಕು ಇದಕ್ಕೆ ಒಳ್ಳೆಯ ಉದಾಹರಣೆ. 1970ರಲ್ಲಿ ಅವರು ಮುದ್ರೆಯ ಕೆಳಗೆ ಹತ್ತು ಚುಕ್ಕಿ ಹಾಕಿದರು. ಆಮೇಲೆ ವರ್ಷಕ್ಕೊಂದು ಚುಕ್ಕಿ ತೆಗೆಯುತ್ತಾ ಬಂದರು. 1979ರ ಹೊತ್ತಿಗೆ ಒಂದೇ ಉಳಿಯಿತು. ಲೆಕ್ಕ ಸುಲಭ: 1980ರಿಂದ ಚುಕ್ಕಿಗಳನ್ನು ಕಳೆದರೆ ತಯಾರಾದ ವರ್ಷ ಸಿಗುತ್ತದೆ. ಏಳು ಚುಕ್ಕಿ ಇದ್ದರೆ 1973. 1980ರಲ್ಲಿ ಮತ್ತೆ ಹತ್ತು ಚುಕ್ಕಿಯಿಂದ ಶುರುಮಾಡಿದರು. ಆದರೆ ಆ ದಶಕದ ಮುದ್ರೆಯಲ್ಲಿ ಹೆಸರಿನ 'ಎಸ್' ಅಕ್ಷರ ಮಿಂಚಿನ ಗೆರೆಯ ಹಾಗೆ ಮುರಿದುಕೊಂಡಿದೆ, ಆದ್ದರಿಂದ ಎರಡು ದಶಕ ಬೆರಕೆ ಆಗುವುದಿಲ್ಲ. 1965ರಿಂದ 1969ರವರೆಗಿನದ್ದರಲ್ಲಿ ಚುಕ್ಕಿ ಇಲ್ಲ, ಯು.ಎಸ್.ಎ. ಅನ್ನುವ ಅಕ್ಷರ ಮಾತ್ರ ಇದೆ. ಅದಕ್ಕೆ ಸ್ವಲ್ಪ ಹಿಂದಿನದ್ದರಲ್ಲಿ ಆ ಅಕ್ಷರವೂ ಇಲ್ಲ.

ಚುಕ್ಕಿ ಎಣಿಸುವುದು ಹೇಳಿದಷ್ಟು ಸಲೀಸಲ್ಲ. ಹಳೆಯ ಜಿಡ್ಡು ಚುಕ್ಕಿಯೊಳಗೆ ತುಂಬಿ ಗಟ್ಟಿಯಾಗಿರುತ್ತದೆ. ಒಂದು ಹನಿ ಎಣ್ಣೆ ಬಿಟ್ಟು ಸ್ವಲ್ಪ ಹೊತ್ತು ಬಿಡಿ. ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಉಜ್ಜಿ, ಬಟ್ಟೆಯಿಂದ ಒರೆಸಿ. ಆಮೇಲೆ ಕಿಟಕಿಯ ಹತ್ತಿರ ಅಲಗನ್ನು ಓರೆಯಾಗಿ ಹಿಡಿದು, ಬೆಳಕು ಪಕ್ಕದಿಂದ ಬೀಳುವ ಹಾಗೆ ತಿರುಗಿಸಿ, ಭೂತಗನ್ನಡಿಯಲ್ಲಿ ನೋಡಿ. ಏನೂ ಇಲ್ಲ ಅನ್ನಿಸಿದ ಜಾಗದಲ್ಲಿ ಚುಕ್ಕಿಗಳು ಒಂದೊಂದಾಗಿ ನೆರಳು ಹಿಡಿದು ಮೇಲೇಳುತ್ತವೆ. ಸೂಜಿ, ಮೊಳೆ ಹಾಕಿ ಕೆರೆಯಬೇಡಿ. ಗೀರು ಬಿದ್ದರೆ ಅದು ಹೋಗುವುದೇ ಇಲ್ಲ.

ಕೇಸ್ ಚಾಕುಗಳ ಮೇಲೆ ನಂಬರೂ ಇರುತ್ತದೆ. ಮೊದಲ ಅಂಕಿ ಹಿಡಿಯ ವಸ್ತು, ಎರಡನೆಯದು ಅಲಗುಗಳ ಸಂಖ್ಯೆ, ಉಳಿದದ್ದು ಮಾದರಿ. 6254 ಅಂದರೆ ಗೀರು ಹೊಡೆದ ಮೂಳೆಯ ಹಿಡಿ, ಎರಡು ಅಲಗು, 54 ನಂಬರಿನ ಮಾದರಿ, ಅದರ ಹೆಸರು ಟ್ರ್ಯಾಪರ್. ನಿಮಗೆ ನಂಬರ್ ಮರೆತಿದ್ದರೂ ಹಿಡಿ ಮತ್ತು ಅಲಗುಗಳ ಲೆಕ್ಕ ನೆನಪಿದ್ದರೆ ಅರ್ಧ ನಂಬರ್ ಸಿಕ್ಕ ಹಾಗೆಯೇ.

ಬೇರೆ ಕಂಪನಿಗಳಿಗೂ ಅವರದ್ದೇ ಗುರುತುಗಳಿವೆ. ಬಕ್ ಕಂಪನಿಯವರು 1986ರಿಂದ ಒಂದೊಂದು ವರ್ಷಕ್ಕೆ ಒಂದೊಂದು ಚಿಹ್ನೆ ಒತ್ತುತ್ತಾರೆ. ಸ್ವಿಸ್ ಸೈನಿಕರಿಗೆ ಕೊಡುತ್ತಿದ್ದ ಅಲ್ಯೂಮಿನಿಯಂ ಹಿಡಿಯ 1961ರ ಮಾದರಿಯ ಚಾಕುವಿನಲ್ಲಿ ಅಲಗಿನ ಬುಡದಲ್ಲೇ ವರ್ಷದ ಅಂಕಿ ಇರುತ್ತದೆ. ಹಾಗಾಗಿ ಹುಟ್ಟಿದ ವರ್ಷದ ಚಾಕು ಹುಡುಕುವವರಿಗೆ ಅದು ಅಚ್ಚುಮೆಚ್ಚು. ಫ್ರಾನ್ಸ್‌ನ ಒಪಿನೆಲ್ ಚಾಕುವಿನ ಕತ್ತಿನಲ್ಲಿ ತಿರುಗಿಸಿ ಲಾಕ್ ಮಾಡುವ ಉಂಗುರ ಬಂದದ್ದು 1955ರಲ್ಲಿ. ದೊಡ್ಡ ಗಾತ್ರದ ಹಳೆಯ ಒಪಿನೆಲ್‌ನಲ್ಲಿ ಆ ಉಂಗುರ ಇಲ್ಲದಿದ್ದರೆ ಅದು ಆ ವರ್ಷಕ್ಕಿಂತ ಹಿಂದಿನದ್ದು ಇರಬಹುದು. ಮುದ್ರೆಯಲ್ಲಿ ಇಂಗ್ಲೆಂಡ್, ಜರ್ಮನಿ ಅಂತ ದೇಶದ ಹೆಸರು ಇದ್ದರೆ ಅದೂ ಸುಳಿವೇ. ಆಮದಾಗುವ ಸರಕಿನ ಮೇಲೆ ದೇಶದ ಹೆಸರು ಇರಲೇಬೇಕು ಅಂತ ಅಮೆರಿಕ 1890ರಲ್ಲಿ ಕಾನೂನು ಮಾಡಿದ ಮೇಲೆ ಆ ಪದ್ಧತಿ ಹಬ್ಬಿತು.

ಒಂದು ಎಚ್ಚರಿಕೆ. ಮುದ್ರೆಯಲ್ಲಿರುವ ಹೆಸರು ಇವತ್ತೂ ಮಾರಾಟದಲ್ಲಿದೆ ಅಂದಮಾತ್ರಕ್ಕೆ ಆ ಚಾಕು ಇನ್ನೂ ತಯಾರಾಗುತ್ತಿದೆ ಅಂತಲ್ಲ. ನ್ಯೂಯಾರ್ಕ್ ರಾಜ್ಯದ ಇಂಪೀರಿಯಲ್ ಶ್ರೇಡ್ ಕಾರ್ಖಾನೆ 2004ರಲ್ಲಿ ಮುಚ್ಚಿತು. ಹೆಸರು ಬೇರೆಯವರ ಕೈಗೆ ಹೋಯಿತು, ಚಾಕು ಬೇರೆ ಕಡೆ ತಯಾರಾಗತೊಡಗಿತು. ಕ್ಯಾಮಿಲಸ್ ಚಾಕು ಕಾರ್ಖಾನೆ 2007ರಲ್ಲಿ ನಿಂತಿತು. ಸ್ವಿಸ್ ಚಾಕು ಮಾಡುವ ವಿಕ್ಟೋರಿನಾಕ್ಸ್ ಕಂಪನಿ 2005ರಲ್ಲಿ ಇನ್ನೊಂದು ಸ್ವಿಸ್ ಚಾಕು ಕಂಪನಿಯಾದ ವೆಂಗರ್ ಅನ್ನು ಕೊಂಡಿತು, ಮುಂದೆ ವೆಂಗರ್ ಹೆಸರಿನ ಚಾಕುಗಳೇ ನಿಂತವು. ಇಂಥವುಗಳನ್ನು "ಮತ್ತೆ ಯಾವಾಗ ಬೇಕಾದರೂ ಸಿಗುತ್ತೆ" ಅಂತ ಮಾರಿದವರ ಕೊರಗು ಎಲ್ಲರಿಗಿಂತ ಜಾಸ್ತಿ.

ಕಳೆದಿದ್ದರೆ ಹುಡುಕುವ ಕ್ರಮ

ಸಾಮಾನ್ಯವಾಗಿ ಚಾಕು ನಡೆಯುವಾಗ ಬೀಳುವುದಿಲ್ಲ, ಕೂತಾಗ ಜಾರುತ್ತದೆ. ತಗ್ಗಿನ ಆಸನದಲ್ಲಿ ಕೂತರೆ ಜೇಬಿನ ಬಾಯಿ ಕೆಳಮುಖವಾಗುತ್ತದೆ, ನುಣುಪಾದ ಹಿಡಿ ಸದ್ದಿಲ್ಲದೆ ಜಾರಿಬಿಡುತ್ತದೆ. ಆದ್ದರಿಂದ ಎಲ್ಲೆಲ್ಲಿ ಹೋಗಿದ್ದೆ ಅಂತ ಯೋಚಿಸಬೇಡಿ, ಎಲ್ಲೆಲ್ಲಿ ಕೂತಿದ್ದೆ ಅಂತ ಯೋಚಿಸಿ. ಕಾರಿನ ಸೀಟು ಮತ್ತು ಬಾಗಿಲಿನ ನಡುವಿನ ಸಂದು, ಸೀಟು ಹಿಂದೆ ಮುಂದೆ ಸರಿಯುವ ಹಳಿ, ಸೋಫಾದ ದಿಂಬಿನ ಕೆಳಗೆ, ಆ ದಿಂಬಿನ ಕೆಳಗಿರುವ ಬಟ್ಟೆಯ ಸೀಳಿನೊಳಗೆ. ಜೇಬಿನ ಅಂಚಿಗೆ ಸಿಕ್ಕಿಸುವ ಕ್ಲಿಪ್ ಇರುವ ಚಾಕುವಿನ ಕಥೆ ಬೇರೆ. ಅದು ಸೀಟ್ ಬೆಲ್ಟಿಗೋ ಕುರ್ಚಿಯ ತೋಳಿಗೋ ಸಿಕ್ಕಿ ಎಳೆದುಕೊಂಡು ಬರುತ್ತದೆ. 1981ರಲ್ಲಿ ಸ್ಪೈಡರ್ಕೋ ಕಂಪನಿ ತನ್ನ ಮೊದಲ ಮಡಚುವ ಚಾಕುವಿಗೆ ಕ್ಲಿಪ್ ಹಾಕಿತು, ಆಮೇಲೆ ಅದು ಎಲ್ಲ ಕಡೆ ಹಬ್ಬಿತು. ಕ್ಲಿಪ್ ಬಿಗಿಯಾಗಿದ್ದರೆ ಸರಿ, ಸಡಿಲವಾಗಿದ್ದರೆ ಅದು ಇಲ್ಲದಿರುವುದಕ್ಕಿಂತ ಅಪಾಯ. ಇದೆ ಅನ್ನುವ ಧೈರ್ಯದಲ್ಲಿ ಜೇಬು ಮುಟ್ಟಿಕೊಳ್ಳುವುದನ್ನೇ ನಾವು ಬಿಟ್ಟುಬಿಡುತ್ತೇವೆ.

ಆಮೇಲೆ ಬಟ್ಟೆ. ಕೋಟಿನ ಜೇಬು ಹರಿದಿದ್ದರೆ ಚಾಕು ಒಳಬಟ್ಟೆಯೊಳಗೆ ಇಳಿದಿರುತ್ತದೆ. ಕೆಳಗಿನ ಅಂಚಿನುದ್ದಕ್ಕೂ ಕೈಯಾಡಿಸಿ. ವಾಷಿಂಗ್ ಮಷೀನ್ ಬಾಗಿಲಿನ ರಬ್ಬರ್ ಮಡಿಕೆ ನೋಡಿ. ಗಾಳದ ಪೆಟ್ಟಿಗೆ, ಸ್ಕ್ರೂಡ್ರೈವರ್ ಡಬ್ಬ, ಸೂಟ್‌ಕೇಸಿನ ಚಿಕ್ಕ ಖಾನೆ, ಕಳೆದ ವರ್ಷ ಕಟ್ಟಿಟ್ಟ ಅಲಂಕಾರದ ಸಾಮಾನಿನ ರಟ್ಟಿನ ಡಬ್ಬ, ಎಲ್ಲ ನೋಡಿ. ಡಬ್ಬದ ಟೇಪ್ ಕತ್ತರಿಸಿ ಚಾಕುವನ್ನು ಒಳಗೇ ಇಟ್ಟು ಮುಚ್ಚಿದವರು ತುಂಬಾ ಜನ.

ಹೊರಗೆ ಹುಲ್ಲಿನಲ್ಲಿ ಬಿದ್ದಿದ್ದರೆ ನಡುಮಧ್ಯಾಹ್ನ ಹುಡುಕಬೇಡಿ. ಬೆಳಗಿನ ಅಥವಾ ಸಂಜೆಯ ಇಳಿಬಿಸಿಲಿನಲ್ಲಿ ಲೋಹ ಹೊಳೆಯುತ್ತದೆ. ಕತ್ತಲಾದ ಮೇಲೆ ಟಾರ್ಚನ್ನು ನೆಲಕ್ಕೆ ತಾಗಿಸಿ ಅಡ್ಡಲಾಗಿ ಬೆಳಕು ಬಿಟ್ಟರೂ ಕಾಣುತ್ತದೆ. ತಿಳಿ ಇಲ್ಲದ ನೀರಿಗೆ, ಎಲೆ ತುಂಬಿದ ನೆಲಕ್ಕೆ ಹಗ್ಗ ಕಟ್ಟಿದ ಗಟ್ಟಿ ಅಯಸ್ಕಾಂತ ಒಳ್ಳೆಯದು. ತುಕ್ಕು ಹಿಡಿಯದ ಸ್ಟೀಲು ಅಯಸ್ಕಾಂತಕ್ಕೆ ಅಂಟುವುದಿಲ್ಲ ಅಂತ ಕೆಲವರು ಪ್ರಯತ್ನವನ್ನೇ ಮಾಡುವುದಿಲ್ಲ. ಪಾತ್ರೆಯ ಸ್ಟೀಲಿನ ವಿಷಯದಲ್ಲಿ ಅದು ಹೆಚ್ಚಿನ ಪಾಲು ನಿಜ. ಚಾಕುವಿನ ಅಲಗಿಗೆ ಬಳಸುವುದು ಕಾಯಿಸಿ ಗಟ್ಟಿಮಾಡುವ ಬೇರೆ ಜಾತಿಯ ಸ್ಟೀಲು, ಅದು ಅಂಟುತ್ತದೆ. ಹಿಡಿ ಟೈಟೇನಿಯಮ್ ಅಥವಾ ಹಿತ್ತಾಳೆಯದ್ದಾದರೂ ಅಲಗು ಸಿಕ್ಕಿದರೆ ಸಾಕಲ್ವಾ?

ಬಸ್ಸಿನಲ್ಲೋ ಹೋಟೆಲಿನಲ್ಲೋ ಬಿಟ್ಟಿದ್ದರೆ ಕಳೆದ ವಸ್ತುಗಳ ವಿಭಾಗಕ್ಕೆ ಅವತ್ತೇ ತಿಳಿಸಿ. ವಿವರ ಕೊಡಿ, ಆದರೆ ಒಂದು ಗುರುತನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ಹಿಡಿಯ ಹಿಂಬದಿಯ ಬಿರುಕು, ಚಿಕ್ಕ ಅಲಗಿನ ಮೇಲಿನ ಕಲೆ, ಅಂಥದ್ದು. ಸಿಕ್ಕಿದ್ದು ನಿಮ್ಮದೇ ಅಂತ ತೋರಿಸಲು ಅದು ಬೇಕಾಗುತ್ತದೆ.

ತುಕ್ಕು ಹಿಡಿದು ಸಿಕ್ಕರೆ ಬಲವಂತವಾಗಿ ತೆರೆಯಬೇಡಿ. ಉಗುರು ಹಾಕುವ ಗೀರಿಗೆ ಇಕ್ಕಳ ಹಾಕಿ ಎಳೆದರೆ ಅಲಗಿನ ಅಂಚೂ ಹೋಗುತ್ತದೆ, ಸ್ಪ್ರಿಂಗೂ ಮುರಿಯಬಹುದು. ಅಲಗು ತಿರುಗುವ ಕೀಲಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದೆರಡು ದಿನ ಇಡಿ, ಮತ್ತೆ ಬಿಡಿ, ಸ್ವಲ್ಪ ಸ್ವಲ್ಪವಾಗಿ ಆಡಿಸಿ. ತಿರುಗುವ ಮಷೀನಿನಲ್ಲಿ ಪಾಲಿಶ್ ಮಾಡಿಸಿದರೆ ತುಕ್ಕಿನ ಜೊತೆ ಮುದ್ರೆಯೂ ಅಳಿಸಿಹೋಗುತ್ತದೆ.

ಮಾರಿದ್ದರೆ ಕೇಳಿ ನೋಡಿ

ಸಂಕೋಚದಿಂದ ತುಂಬಾ ಜನ ಈ ಹೆಜ್ಜೆಯನ್ನೇ ಬಿಡುತ್ತಾರೆ. ಕೊಂಡವರು ಕೂಡ ಚಾಕು ಪ್ರೀತಿಸುವವರೇ, ಅವರಿಗೆ ನಿಮ್ಮ ಮಾತು ಅರ್ಥವಾಗುತ್ತದೆ. ಹಳೆಯ ಮೆಸೇಜು, ರಸೀದಿ, ಪಾರ್ಸಲ್ ಚೀಟಿ ಹುಡುಕಿ ವಿಳಾಸ ತೆಗೆಯಿರಿ. ಬರೆಯುವುದು ನಾಲ್ಕೇ ಸಾಲು ಇರಲಿ: ಯಾವ ಚಾಕು, ಯಾವಾಗ ಮಾರಿದ್ದು, ಈಗಲೂ ನಿಮ್ಮ ಹತ್ತಿರ ಇದೆಯಾ, ಮಾರುವ ಮನಸ್ಸಾದರೆ ಮೊದಲು ನನಗೆ ಹೇಳುತ್ತೀರಾ. ಮೊದಲ ಪತ್ರದಲ್ಲೇ ಕಣ್ಣೀರಿನ ಕಥೆ ಬೇಡ. ಅದು ಅವರನ್ನು ಇಕ್ಕಟ್ಟಿಗೆ ಸಿಕ್ಕಿಸುತ್ತದೆ, ಒಲ್ಲದ ಮನಸ್ಸಿನಿಂದ ಕೊಟ್ಟರೆ ನಿಮಗೂ ಸಮಾಧಾನ ಇರುವುದಿಲ್ಲ.

ಅವರು ಒಪ್ಪಿದರೆ ಇವತ್ತಿನ ಬೆಲೆ ಕೊಡಿ. ನಾನು ಮಾರಿದ ಬೆಲೆಗೇ ಕೊಡಿ ಅಂತ ಚೌಕಾಸಿ ಮಾಡುವುದು ಸರಿಯಲ್ಲ. ಇಷ್ಟು ದಿನ ಅದನ್ನು ಒರೆಸಿ ಎಣ್ಣೆ ಹಾಕಿ ಕಾಪಾಡಿದವರು ಅವರು. ದುಡ್ಡಿಗಿಂತ ಅದಲುಬದಲು ಎಷ್ಟೋ ಸಲ ಸುಲಭ. ಅವರು ಹುಡುಕುತ್ತಿರುವ ಚಾಕು ಯಾವುದು ಅಂತ ಕೇಳಿ, ಅದನ್ನು ತಂದುಕೊಡಿ. ಒಪ್ಪದಿದ್ದರೆ ಫೋನ್ ನಂಬರ್ ಕೊಟ್ಟು ಸುಮ್ಮನಾಗಿ. ತಿಂಗಳಿಗೊಮ್ಮೆ ಕೇಳಿದರೆ ಕೊಡುವ ಮನಸ್ಸಿದ್ದವರೂ ಕೊಡುವುದಿಲ್ಲ.

ಬರೆಯುವ ಮುಂಚೆ ಮಾರಿದ್ದೇಕೆ ಅಂತ ನೆನಪಿಸಿಕೊಳ್ಳಿ. ಲಾಕ್ ಅಲ್ಲಾಡುತ್ತಿತ್ತು, ಹಿಡಿ ಕೈಗೆ ಚಿಕ್ಕದಿತ್ತು, ಭಾರಕ್ಕೆ ಜೇಬು ಜೋತುಬೀಳುತ್ತಿತ್ತು ಅನ್ನುವ ಕಾರಣ ಇದ್ದರೆ ಆ ಕಾರಣ ಇವತ್ತೂ ಹಾಗೇ ಇದೆ. ಅಂಥ ಚಾಕು ಹೋದದ್ದು ಒಳ್ಳೆಯದೇ ಆಯಿತು ಅಂತ ನಾನು ಹೇಳುತ್ತೇನೆ. ಇನ್ನೊಂದು ಹೊಸ ಚಾಕು ಕೊಳ್ಳುವ ಆತುರಕ್ಕೆ, ಚೆನ್ನಾಗಿ ಕೆಲಸ ಮಾಡುತ್ತಿದ್ದ ಹಳೆಯದನ್ನು ಮಾರಿದ್ದೀರಾ? ಹಾಗಿದ್ದರೆ ಅದರ ಹಿಂದೆ ಹೋಗುವುದು ಸಾರ್ಥಕ.

ಕೊಟ್ಟದ್ದಾದರೆ

ನೇರವಾಗಿ ವಾಪಸ್ ಕೇಳಬೇಡಿ. ಕೊಟ್ಟದ್ದು ಅವರದ್ದು, ಅವರು ಪೇಂಟ್ ಡಬ್ಬ ತೆಗೆದರೂ ಅವರದ್ದೇ.

ಆದರೆ "ಸಾಣೆ ಹಿಡಿದುಕೊಡ್ತೀನಿ, ಒಂದೆರಡು ದಿನ ಕೊಡಿ" ಅನ್ನಬಹುದು. ಚಾಕು ಮೊಂಡಾಗಿದ್ದರೆ ಯಾರೂ ಇಲ್ಲ ಅನ್ನುವುದಿಲ್ಲ. ಆ ಎರಡು ದಿನದಲ್ಲಿ ಕೀಲು ತೊಳೆಯಿರಿ, ಎಣ್ಣೆ ಹಾಕಿ, ಮುರಿದ ತುದಿಯನ್ನು ಬೆನ್ನಿನ ಕಡೆಯಿಂದ ಉಜ್ಜಿ ಮತ್ತೆ ಚೂಪು ಮಾಡಿ. ಹರಿತದ ಕಡೆಯಿಂದ ಉಜ್ಜಿದರೆ ಮಡಚಿದಾಗ ತುದಿ ಹಿಡಿಯಿಂದ ಹೊರಗೆ ಇಣುಕುತ್ತದೆ, ಜೇಬಿಗೆ ಕೈ ಹಾಕಿದವರಿಗೆ ಚುಚ್ಚುತ್ತದೆ. ಫೋಟೋ ತೆಗೆದುಕೊಂಡು, ಅದು ನಿಮಗೆ ಎಲ್ಲಿಂದ ಬಂತು ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗೆ ವಾಪಸ್ ಕೊಡಿ. ಚಾಕು ನಿಮ್ಮ ಹತ್ತಿರ ಇರುವುದಿಲ್ಲ, ಆದರೆ ಅದರ ಬೆಲೆ ಗೊತ್ತಿರುವವರ ಹತ್ತಿರ ಇರುತ್ತದೆ. ಎಷ್ಟೋ ಜನ ಅದನ್ನು ಓದಿದ ಮೇಲೆ ಡಬ್ಬ ಮೀಟಲು ಬೇರೆ ಹತಾರ ಹುಡುಕುತ್ತಾರೆ. ಇನ್ನು ಕೆಲವರು "ಇದು ನಿಮ್ಮ ಹತ್ತಿರ ಇರಬೇಕಾದದ್ದು" ಅಂತ ತಾವಾಗಿಯೇ ವಾಪಸ್ ಕೊಟ್ಟದ್ದೂ ಉಂಟು.

ಇನ್ನು ಮುಂದೆ ಕೊಡುವಾಗ ಆ ಗಳಿಗೆಯಲ್ಲಿ ಜೇಬಿನಲ್ಲಿದ್ದದ್ದನ್ನು ತೆಗೆದು ಕೊಡಬೇಡಿ. ಅದೇ ಮಾದರಿಯ ಹೊಸದನ್ನು ಕೊಂಡು ಕೊಡಿ. ತೆಗೆದುಕೊಳ್ಳುವವರು ಚಾಕು ಬಳಸುವವರೇ, ಅವರಿರುವ ಕಡೆ ಅಂಥ ಚಾಕು ಜೇಬಿನಲ್ಲಿ ಇಟ್ಟುಕೊಳ್ಳಲು ಕಾನೂನು ಬಿಡುತ್ತಾ ಅಂತಲೂ ನೋಡಿಕೊಳ್ಳಿ. ಅಲಗಿನ ಉದ್ದ, ಲಾಕ್, ವಯಸ್ಸಿನ ನಿಯಮ ಒಂದೊಂದು ದೇಶದಲ್ಲಿ ಒಂದೊಂದು ಥರ.

ಅದೇ ಮಾದರಿ ಮತ್ತೆ ಕೊಳ್ಳುವಾಗ

ನೆನಪು ಕಣ್ಣಿಗೆ ಕಟ್ಟಿರುವಾಗ ಕೊಳ್ಳುವವರು ಸುಲಭವಾಗಿ ಮೋಸ ಹೋಗುತ್ತಾರೆ. "ಸಿಕ್ಕಿತಲ್ಲ" ಅನ್ನುವ ಖುಷಿಯಲ್ಲಿ ಪರೀಕ್ಷೆ ಮಾಡುವುದಿಲ್ಲ. ಮಾರುವವರಿಂದ ಐದು ಫೋಟೋ ಕೇಳಿ: ತೆರೆದು ಎರಡೂ ಬದಿ, ಮಡಚಿ ಬೆನ್ನಿನ ಕಡೆಯಿಂದ, ಮುದ್ರೆ ಹತ್ತಿರದಿಂದ, ಕಿಟಕಿ ಬೆಳಕಿಗೆ ಎದುರು ಹಿಡಿದು ಒಂದು. ಕೊನೆಯದರಲ್ಲಿ ಸ್ಪ್ರಿಂಗ್ ಮತ್ತು ಹಿಡಿಯ ನಡುವೆ ಬೆಳಕು ನುಸುಳುತ್ತಿದ್ದರೆ ಸಂದು ಬಿಟ್ಟಿದೆ ಅಂತ ಗೊತ್ತಾಗುತ್ತದೆ.

ಮೊದಲು ನೋಡಬೇಕಾದದ್ದು ಅಲಗು ಪೂರ್ತಿ ಇದೆಯಾ ಅಂತ. ವರ್ಷಗಟ್ಟಲೆ ಸಾಣೆ ಹಿಡಿದ ಅಲಗು ಸಣ್ಣಗಾಗುತ್ತಾ ಹೋಗುತ್ತದೆ. ಬುಡದಲ್ಲಿ ಅಗಲವಾಗಿದ್ದು, ನಡುವೆ ಒಳಕ್ಕೆ ಬಾಗಿ, ತುದಿ ಸೂಜಿಯಂತಾಗಿರುತ್ತದೆ. ಅದೇ ಮಾದರಿಯ ಹೊಸ ಚಾಕುವಿನ ಚಿತ್ರವನ್ನು ಪಕ್ಕದಲ್ಲಿಟ್ಟು ಹೋಲಿಸಿದರೆ ಎಷ್ಟು ಸವೆದಿದೆ ಅಂತ ತಕ್ಷಣ ಕಾಣುತ್ತದೆ. ಬಳಸುವುದಕ್ಕೆ ಸವೆದದ್ದೂ ನಡೆಯುತ್ತದೆ, ಆದರೆ ಹೊಸದರ ಬೆಲೆ ಕೊಡಬಾರದು.

ಆಮೇಲೆ ಮುದ್ರೆಯ ಅಂಚು. ಒತ್ತಿದ ಅಕ್ಷರದ ಅಂಚು ಚೂಪಾಗಿರಬೇಕು. ಅಂಚು ಕರಗಿದ ಹಾಗಿದ್ದರೆ ಯಾರೋ ಪಾಲಿಶ್ ಮಾಡಿದ್ದಾರೆ. ಅಕ್ಷರ ಮೇಲ್ಮೇಲೆ ಕೊರೆದ ಹಾಗೆ ಆಳವಿಲ್ಲದೆ ಇದ್ದರೆ ಅನುಮಾನ ಪಡಿ. ಬೆಲೆಬಾಳುವ ಹಳೆಯ ಹೆಸರುಗಳ ಸುಳ್ಳು ಮುದ್ರೆ ಹಾಕುವವರು ಇದ್ದಾರೆ. ಎರಡು ಅಲಗಿನ ಚಾಕುವಿನಲ್ಲಿ ಒಂದು ಕಪ್ಪಾಗಿದ್ದು ಇನ್ನೊಂದು ಫಳಫಳ ಅಂತಿದ್ದರೆ ಒಂದನ್ನು ಬದಲಿಸಿರಬಹುದು. ರಿವೆಟ್ ತಲೆಯ ಸುತ್ತ ಸುತ್ತಿಗೆ ಏಟು, ಅರದ ಗೀರು ಕಂಡರೆ ಹಿಡಿಯನ್ನು ಬಿಚ್ಚಿ ಹಾಕಿದ್ದಾರೆ ಅಂತ ಅರ್ಥ. ಕಾರ್ಬನ್ ಸ್ಟೀಲಿನ ಅಲಗಿನ ಮೇಲೆ ಬೂದು, ನೀಲಿ ಬಣ್ಣ ಏರಿದ್ದರೆ ಅದು ದೋಷವಲ್ಲ. ಹಣ್ಣಿನ ಹುಳಿ ತಾಗಿ ಬರುವ ಆ ಬಣ್ಣ ಅಲಗನ್ನು ಕಾಯುತ್ತದೆ. ಕೆಂಪು ತುಕ್ಕೇ ಬೇರೆ.

ಕೈಗೆ ಸಿಕ್ಕಿದಾಗ ತೆರೆದು ಮುಚ್ಚಿ ಕೇಳಿ. ಗಟ್ಟಿ ಸ್ಪ್ರಿಂಗಿನ ಚಾಕು ತೆರೆಯುವಾಗಲೂ ಟಕ್ ಅನ್ನುತ್ತದೆ, ಮುಚ್ಚುವಾಗಲೂ ಟಕ್ ಅನ್ನುತ್ತದೆ. ತೆರೆದ ಅಲಗನ್ನು ಪಕ್ಕಕ್ಕೆ ಅಲ್ಲಾಡಿಸಿದರೆ ಕದಲಬಾರದು. ದಂತದ ಹಿಡಿ ಅಂತ ಹೇಳಿ ಮಾರಿದರೆ ಕೊಳ್ಳಲೇಬೇಡಿ. ಆನೆದಂತದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 1989ರ ಒಪ್ಪಂದದಿಂದ ನಿಷೇಧ ಇದೆ, ಒಂದು ಗಡಿ ದಾಟಿದರೂ ಜಪ್ತಿ ಆಗಬಹುದು.

ಮತ್ತೆ, ಒಂದೇ ಕೊಳ್ಳಿ. ಹೋದ ಒಂದು ಚಾಕುವಿನ ನೋವಿಗೆ ಅದರಂಥವು ಐದು ಕೂಡಿಸಿದವರ ಡ್ರಾಯರ್ ತುಂಬುತ್ತದೆ, ಐದರಲ್ಲಿ ಯಾವುದೂ ಜೇಬಿಗೆ ಬರುವುದಿಲ್ಲ.

ಇರುವುದು ಹೋಗದ ಹಾಗೆ

ಚಾಕುಗಳನ್ನು ಮೂರು ಪಾಲು ಮಾಡಿ. ದಿನಾ ಜೇಬಿಗೆ ಹಾಕುವವು, ಹೋದರೆ ಬೇಸರ ಆಗುತ್ತದೆ ಆದರೆ ಮತ್ತೆ ಸಿಗುತ್ತದೆ ಅನ್ನುವಂಥವು. ಮನೆಯೊಳಗೆ ಮಾತ್ರ ಬಳಸುವವು. ಯಾವ ಕಾರಣಕ್ಕೂ ಮನೆಯಿಂದ ಹೊರಗೆ ಹೋಗಬಾರದವು. ಅಪ್ಪ, ಅಮ್ಮ, ಅಜ್ಜ ಕೊಟ್ಟದ್ದು ಮೂರನೆಯ ಪಾಲಿಗೆ. ಅದನ್ನು ಬಳಸಲೇಬೇಡಿ ಅಂತ ನಾನು ಹೇಳುವುದಿಲ್ಲ, ಮನೆಯಲ್ಲಿ ಕೂತು ಸೇಬು ಕತ್ತರಿಸಿ. ದೋಣಿಗೆ ತೆಗೆದುಕೊಂಡು ಹೋಗಬೇಡಿ.

ಮಾರಬೇಕು ಅನ್ನಿಸಿದ ಚಾಕುವನ್ನು ಬೇರೆ ಡಬ್ಬದಲ್ಲಿಟ್ಟು, ಮೇಲೆ ತಾರೀಖು ಬರೆದು, ಆರು ತಿಂಗಳು ಬಿಡಿ. ಆ ಆರು ತಿಂಗಳಲ್ಲಿ ಒಂದು ಸಲವೂ ಡಬ್ಬ ತೆರೆಯದಿದ್ದರೆ ಧೈರ್ಯವಾಗಿ ಮಾರಿ. ಎರಡು ಸಲ ಸುಮ್ನೆ ನೋಡೋಣ ಅಂತ ತೆರೆದಿದ್ದರೆ ಮಾರಬೇಡಿ. ನಿಜಕ್ಕೂ ದುಡ್ಡಿನ ತುರ್ತು ಇದ್ದರೆ ಆರು ತಿಂಗಳ ಮಾತು ಆಗುವುದಿಲ್ಲ. ಆಗ ಇವತ್ತೂ ತಯಾರಾಗುತ್ತಿರುವ ಮಾದರಿಗಳನ್ನು ಮೊದಲು ಮಾರಿ, ನಿಂತುಹೋದ ಕಾರ್ಖಾನೆಯವನ್ನು ಕೊನೆಗೆ ಇಡಿ. ಗ್ರೇಟ್ ಈಸ್ಟರ್ನ್‌ನಂಥ ಚಿಕ್ಕ ಕಾರ್ಖಾನೆಗಳು ಒಂದೊಂದು ಮಾದರಿಯನ್ನು ಕಡಿಮೆ ಸಂಖ್ಯೆಯಲ್ಲಿ ಮಾಡಿ ನಿಲ್ಲಿಸುತ್ತವೆ. ಅಂಥವೂ ಕೊನೆಯ ಸಾಲಿಗೆ ಸೇರಲಿ. ಮಾರುವ ದಿನ ಕೊಂಡವರ ಹೆಸರು, ಬೆಲೆ, ಫೋಟೋ ಇಟ್ಟುಕೊಳ್ಳಿ, "ಮುಂದೆ ಮಾರುವಾಗ ಮೊದಲು ನನಗೆ ಹೇಳಿ" ಅಂತ ಅವತ್ತೇ ಹೇಳಿಬಿಡಿ. ಆಗ ಆ ಮಾತು ತುಂಬಾ ಸಹಜವಾಗಿರುತ್ತದೆ.

ವಿಮಾನ ನಿಲ್ದಾಣಕ್ಕೆ ಹೊರಡುವ ಮುಂಚೆ ಜೇಬು, ಬೀಗದಕೈ ಗೊಂಚಲು, ಬ್ಯಾಗಿನ ಸಣ್ಣ ಖಾನೆಗಳನ್ನು ಬಾಗಿಲಲ್ಲಿ ನಿಂತು ನೋಡಿಕೊಳ್ಳಿ. 2001ರ ಸೆಪ್ಟೆಂಬರ್ 11ರ ನಂತರ ನಿಯಮ ಬಿಗಿಯಾಗಿ, ಗೊಂಚಲಿನಲ್ಲಿದ್ದ ಬೆರಳುದ್ದದ ಸ್ವಿಸ್ ಚಾಕುಗಳನ್ನೂ ಲೆಕ್ಕವಿಲ್ಲದಷ್ಟು ಜನ ತಪಾಸಣೆಯಲ್ಲಿ ಬಿಟ್ಟುಬಂದರು. ಅಮೆರಿಕದಲ್ಲಿ ಹಾಗೆ ಬಿಟ್ಟುಹೋದ ಚಾಕುಗಳನ್ನು ಕೆಲವು ರಾಜ್ಯಗಳು ರಾಶಿಗಟ್ಟಲೆ ಮಾರುತ್ತವೆ, ನಿಮ್ಮದು ಯಾವ ರಾಶಿಯಲ್ಲಿ ಅಂತ ಹುಡುಕುವುದು ಆಗದ ಮಾತು. ತಪಾಸಣೆಯಲ್ಲಿ ಸಿಕ್ಕಿಬಿದ್ದರೂ ತಕ್ಷಣ ಬಿಟ್ಟುಕೊಡಬೇಡಿ. ಸಮಯವಿದ್ದರೆ ಹಿಂದಕ್ಕೆ ಹೋಗಿ ಚೆಕ್-ಇನ್ ಲಗೇಜಿಗೆ ಹಾಕಲು ಆಗುತ್ತಾ, ಬಿಡಲು ಬಂದವರ ಕೈಗೆ ಕೊಡಬಹುದಾ, ಅಂಚೆಯಲ್ಲಿ ಮನೆಗೆ ಕಳಿಸುವ ವ್ಯವಸ್ಥೆ ಇದೆಯಾ ಅಂತ ಕೇಳಿ.

ಡ್ರಾಯರಿನಲ್ಲೇ ಇದ್ದು ಹಾಳಾಗುವುದೂ ಕಳೆದುಕೊಂಡ ಹಾಗೆಯೇ. ಚರ್ಮದ ಚೀಲದಲ್ಲಿ ಇಟ್ಟು ಮರೆಯಬೇಡಿ. ಚರ್ಮ ಹದಮಾಡಿದ ರಾಸಾಯನಿಕ ಮತ್ತು ಅದು ಹೀರಿದ ತೇವ ಸೇರಿ ಹಿತ್ತಾಳೆಗೆ ಹಸಿರು ಕಿಲುಬು, ಅಲಗಿಗೆ ತುಕ್ಕು ತರುತ್ತವೆ. ಅಡುಗೆ ಎಣ್ಣೆ ಕೀಲಿಗೆ ಹಾಕಬೇಡಿ, ಕ್ರಮೇಣ ಅಂಟಾಗುತ್ತದೆ. ಮಿನರಲ್ ಆಯಿಲ್ ಒಂದು ಹನಿ ಸಾಕು. ಡ್ರಾಯರಿನಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇರಲಿ.

ಸೆಲ್ಯುಲಾಯ್ಡ್ ಅನ್ನುವ ಹಳೆಯ ಕಾಲದ ಪ್ಲಾಸ್ಟಿಕ್ಕಿನ ಹಿಡಿಯ ಚಾಕು ಇದ್ದರೆ ಅದನ್ನು ಇವತ್ತೇ ಬೇರೆ ಇಡಿ. ಮುತ್ತಿನ ಬಣ್ಣ, ಆಮೆಚಿಪ್ಪಿನ ಬಣ್ಣ, ಬಣ್ಣಬಣ್ಣದ ಸುಳಿಗಳು ಇರುವ ಚಂದದ ಹಿಡಿಗಳು ಅವು. ವಯಸ್ಸಾದಂತೆ ಆ ವಸ್ತು ಒಡೆಯುತ್ತಾ ಆಮ್ಲದ ಆವಿ ಬಿಡುತ್ತದೆ. ಮೊದಲು ಆ ಚಾಕುವಿನ ಅಲಗೇ ತುಕ್ಕಾಗುತ್ತದೆ, ಆಮೇಲೆ ಪಕ್ಕದಲ್ಲಿರುವುದಕ್ಕೂ ಹಬ್ಬುತ್ತದೆ. ಮುಚ್ಚಿದ ಡಬ್ಬದಲ್ಲಿ ಹತ್ತು ಚಾಕು ಇದ್ದು, ಅದರಲ್ಲಿ ಇಂಥದ್ದು ಒಂದಿದ್ದರೆ ಸಾಕು. ಅದರ ಹತ್ತಿರ ಇದ್ದವುಗಳ ಅಲಗಿನ ಮೇಲೆ ಕಂದು ಚುಕ್ಕಿ, ಹಿತ್ತಾಳೆ ಪಟ್ಟಿಯ ಮೇಲೆ ಹಸಿರು ಪುಡಿ, ಡಬ್ಬ ತೆರೆದ ಕೂಡಲೇ ಮೂಗಿಗೆ ಅಡರುವ ವಾಸನೆ. ಇದು ಬೇಗ ಬೆಂಕಿ ಹತ್ತುವ ವಸ್ತು ಕೂಡ. ಗಾಳಿಯಾಡುವ ತಂಪಾದ ಜಾಗದಲ್ಲಿ, ಒಂಟಿಯಾಗಿ ಇಡಿ.

ಕೊನೆಗೆ ಒಂದು ಪುಸ್ತಕ ಇಡಿ. ಚಾಕುವಿಗೊಂದು ಪುಟ: ಮುದ್ರೆಯ ಫೋಟೋ, ಎಲ್ಲಿಂದ ಬಂತು, ಯಾರದ್ದಾಗಿತ್ತು, ಈಗ ಎಲ್ಲಿದೆ, ನಿಮ್ಮ ನಂತರ ಯಾರಿಗೆ ಹೋಗಬೇಕು. ಕೊನೆಯ ಸಾಲನ್ನು ಖಾಲಿ ಬಿಡಬೇಡಿ. ಮನೆಯವರಿಗೆ ಗೊತ್ತಿಲ್ಲದೆ ಒಳ್ಳೊಳ್ಳೆಯ ಚಾಕುಗಳು ಹಳೆ ಕಬ್ಬಿಣದ ಜೊತೆ ತೂಕಕ್ಕೆ ಹೋಗುತ್ತವೆ. ಹಿರಿಯರು ಇದ್ದರೆ ಅವರ ಚಾಕುವಿನ ಪುಟವನ್ನು ಮೊದಲು ಬರೆಯಿರಿ, ಅವರ ಪಕ್ಕದಲ್ಲೇ ಕೂತು, ಚಾಕುವನ್ನು ಅವರ ಕೈಗೆ ಕೊಟ್ಟು ಕೇಳಿ. ಆ ವಿವರ ಇನ್ನೆಲ್ಲೂ ಸಿಗುವುದಿಲ್ಲ.